ಸರಕು ಹೊರುವ ವಿಮಾನಕ್ಕೂ ಶತ್ರುವಿದ್ದಾನೆ

ಮಾನ್ಯರೇ,

ಗಡಿಯಲ್ಲಿ ಕಾವೇರಿದರೆ ಸಾಕು, ಪತ್ರಿಕೆಗಳ ತುಂಬ ಯುದ್ಧವಿಮಾನ, ಕ್ಷಿಪಣಿಗಳದೇ ಚಿತ್ರ. ಅಕ್ಕಿ, ಗುಂಡು, ಸೀಮೆಎಣ್ಣೆ ಹೊರುವ ವಿಮಾನಗಳನ್ನು ಕೇಳುವವರಿಲ್ಲ. ವಾಯುಪಡೆಯಲ್ಲಿದ್ದಷ್ಟು ಕಾಲ ಐಎಲ್-76 ವಿಮಾನಗಳಿಗೆ ಸರಕು ತುಂಬಿ ಇಳಿಸಿದವನು ನಾನು. ಈ ಮುನಿಸು ಹಳೆಯದು.

ಲಡಾಖ್‌ನ ಎತ್ತರದ ಲೇಹ್‌ನಲ್ಲಿ ಬಿಸಿಲೇರಿದಂತೆ ಗಾಳಿ ಇನ್ನಷ್ಟು ತೆಳುವಾಗಿ ವಿಮಾನ ಭಾರ ಎತ್ತುವುದಿಲ್ಲ. ಹಾಗಾಗಿ ಎಲ್ಲರೂ ಬೆಳಿಗ್ಗೆಯೇ ಬಂದು ಹೋಗಬೇಕು. ಎಂಜಿನ್ ಆರಿಸದೆ ಸರಕು ಇಳಿಸುತ್ತಿದ್ದೆವು. ಬರಿಗೈಯಲ್ಲಿ ಸರಪಳಿ ಮುಟ್ಟಿದರೆ ಚರ್ಮ ಕಿತ್ತು ಬರುವ ಚಳಿ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಆದರೆ ಅಂದು ನಾವು ನಿಮಿಷ ಎಣಿಸುತ್ತಿದ್ದುದು ಹವೆಗೆ ಅಂಜಿ, ಶತ್ರುವಿಗಲ್ಲ. ದಿನವೂ ಅದೇ ಹೊತ್ತು, ಅದೇ ರನ್‌ವೇ ಎಂದರೆ ಇಂದಿನ ಡ್ರೋನ್ ಕಾಲದಲ್ಲಿ ನಾವೇ ವೈರಿಯ ಕೈಗೆ ವೇಳಾಪಟ್ಟಿ ಕೊಟ್ಟಂತೆ.

1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತ ಡಕೋಟ ವಿಮಾನಗಳು ಶ್ರೀನಗರಕ್ಕೆ ಹಾರಿದಾಗ ಅಲ್ಲಿನ ನೆಲ ಇನ್ನೂ ನಮ್ಮದೇ ಎಂಬುದು ಇಳಿಯುವವರೆಗೂ ಖಚಿತವಿರಲಿಲ್ಲ. ಮರುವರ್ಷ ವಾಯುಪಡೆಯ ಮೆಹರ್ ಸಿಂಗ್ ಅವರು ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರನ್ನು ಕೂರಿಸಿಕೊಂಡು ಲೇಹ್‌ನ ಕಚ್ಚಾ ಪಟ್ಟಿಯ ಮೇಲೆ ಇಳಿದರು. ಆ ಎದೆಗಾರಿಕೆ ಈಗಲೂ ಇದೆ, ಅನುಮಾನವಿಲ್ಲ. ಎದೆಗಾರಿಕೆಯೊಂದನ್ನೇ ನೆಚ್ಚಿದರೆ ಸಾಲದು. 2022ರ ಫೆಬ್ರವರಿಯಲ್ಲಿ ರಷ್ಯಾದ ಪಡೆ ಹೆಲಿಕಾಪ್ಟರ್‌ಗಳಲ್ಲಿ ಹೋಗಿ ಕೀವ್ ಪಕ್ಕದ ಹೋಸ್ತೊಮೆಲ್ ವಿಮಾನ ನಿಲ್ದಾಣಕ್ಕೆ ಇಳಿದಿತ್ತು. ಉಕ್ರೇನಿನವರು ರನ್‌ವೇಗೆ ಫಿರಂಗಿ ಹೊಡೆದರು. ಹಿಂದೆ ಬರಬೇಕಿದ್ದ ಐಎಲ್-76ಗಳಿಗೆ ಇಳಿಯಲು ಜಾಗವೇ ಇಲ್ಲದಂತಾಯಿತು. ಸಮುದ್ರದ್ದೂ ಇದೇ ಕತೆ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರು ‘ಅಟ್ಲಾಂಟಿಕ್ ಕನ್ವೇಯರ್’ ಎಂಬ ವ್ಯಾಪಾರಿ ಹಡಗಿಗೆ ಹೆಲಿಕಾಪ್ಟರ್, ಡೇರೆಗಳನ್ನೆಲ್ಲ ತುಂಬಿಸಿದ್ದರು. ಅರ್ಜೆಂಟೀನಾದ ಕ್ಷಿಪಣಿ ಬಡಿಯಿತು. ಭಾರಿ ಸರಕು ಹೊರುವ ನಾಲ್ಕು ಚಿನೂಕ್ ಹೆಲಿಕಾಪ್ಟರ್‌ಗಳಲ್ಲಿ ಉಳಿದದ್ದು ಒಂದು. ಸೈನಿಕರು ಹೊರೆ ಹೊತ್ತು ಕೆಸರಿನಲ್ಲಿ ದ್ವೀಪ ದಾಟಿದರು.

ಹೊಂಡ ಬಿದ್ದ ರನ್‌ವೇಯನ್ನು ಕತ್ತಲಲ್ಲಿ ಮುಚ್ಚುವುದು, ಜಿಪಿಎಸ್ ಕೈಕೊಟ್ಟಾಗ ಇಳಿಯುವುದು, ಒಂದೇ ನೆಲೆಯಲ್ಲಿ ಗುಂಪುಗೂಡದೆ ಚದುರಿಹೋಗುವುದು, ಇವನ್ನೆಲ್ಲ ನಿತ್ಯದ ಕಸುಬಾಗಿಸಬೇಕು. 2017ರಲ್ಲಿ ಆಗ್ರಾ–ಲಖನೌ ಹೆದ್ದಾರಿಯ ಮೇಲೆ ಸಿ-130 ಸರಕು ವಿಮಾನ ಇಳಿದದ್ದನ್ನು ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದೆವು. ಹಾಸನ–ಬೆಂಗಳೂರು ಹೆದ್ದಾರಿಯಲ್ಲೂ ನೇರವಾದ, ಮಟ್ಟಸವಾದ ಜಾಗ ಹುಡುಕಬಾರದೇ? ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣದ ವಿಷಯದಲ್ಲೂ ಪ್ರಯಾಣಿಕರ ಲೆಕ್ಕವನ್ನಷ್ಟೇ ಹಾಕುತ್ತಿದ್ದೇವೆ.

ಇನ್ನು ಹಾಸನದ ಕಡೆಯಿಂದ ಮಂಗಳೂರಿಗೆ ಇಳಿಯುವ ನಮ್ಮ ಶಿರಾಡಿ ಘಾಟಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೂ ನಿಂತಿತು, ಸಕಲೇಶಪುರ–ಸುಬ್ರಹ್ಮಣ್ಯ ರೈಲೂ ನಿಂತಿತು. ಶತ್ರು ಒಂದು ಗುಂಡನ್ನೂ ಹಾರಿಸಿರಲಿಲ್ಲ, ಬರೀ ಮಳೆ. ಇನ್ನೊಂದು ಘಾಟಿ ಚಾರ್ಮಾಡಿಯ ತಿರುವುಗಳಲ್ಲಿ ಟ್ಯಾಂಕ್ ಹೊತ್ತ ಟ್ರೇಲರ್ ತಿರುಗುವ ಮಾತಂತೂ ದೂರ. ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಇದೊಂದನ್ನು ಕೇಳಲಿ: ಶಿರಾಡಿ ಮುಚ್ಚಿದ ದಿನ, ಮಂಗಳೂರು ಬಂದರಿನಲ್ಲಿ ಇಳಿದ ಸೇನೆಯ ಸರಕು ಯಾವ ದಾರಿಯಲ್ಲಿ ಘಟ್ಟ ಹತ್ತುತ್ತದೆ?

– ವಾಯುಪಡೆಯ ನಿವೃತ್ತ ಸಿಬ್ಬಂದಿ, ಹಾಸನ