ಜೇನು ಬೇಕೋ ಬೇಡವೋ, ಸೌತೆ ಬೀಜದ ಪೊಟ್ಟಣದ ಮೇಲೆ ಬರೆಯಿರಿ

ಸಂಪಾದಕರೇ,

ತಾರಸಿ ಮೇಲೆ ಸಣ್ಣ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಶೀಟ್ ಹೊದಿಸಿದ ಗಿಡದ ಮನೆ, ಕಟ್ಟಿಕೊಳ್ಳುವುದು ಹೇಗೆ ಅಂತ ನಿಮ್ಮ ಕೃಷಿ ಪುಟದಲ್ಲಿ ಬಂದ ಲೇಖನ ಓದಿದೆ. ಪೈಪ್ ಎಷ್ಟು ದಪ್ಪ ಇರಬೇಕು, ಶೀಟ್ ಎಷ್ಟು ಮೈಕ್ರಾನ್, ಗಾಳಿಗೆ ಹಾರಿಹೋಗದಂತೆ ಹೇಗೆ ಬಿಗಿಯಬೇಕು, ಎಲ್ಲ ಚೆನ್ನಾಗಿತ್ತು. ಆದರೆ ಬೆಳೆ ವಿಷಯ ಬಂದಾಗ ಟೊಮೆಟೊ, ದೊಣ್ಣೆಮೆಣಸು, ಸೌತೆ ಬೆಳೆಯಬಹುದು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಟೊಮೆಟೊಗೆ ಆ ಸಾಲು ಸಾಕು. ಸೌತೆಗೆ ಸಾಲದು. ಯಾವ ಸೌತೆ ಅಂತ ಹೇಳದೆ ಬೆಳೆಯಿರಿ ಅಂದರೆ ಜನ ಅಂಗಡಿಗೆ ಹೋಗಿ ಕೈಗೆ ಸಿಕ್ಕ ಪೊಟ್ಟಣ ತರುತ್ತಾರೆ, ಆಮೇಲೆ ಬಳ್ಳಿ ತುಂಬಾ ಹಳದಿ ಹೂ ನೋಡಿಕೊಂಡು ಕೂರುತ್ತಾರೆ. ಕಾಯಿ ಮಾತ್ರ ಇಲ್ಲ.

ಇಲ್ಲಿ ಶಿವಮೊಗ್ಗದಲ್ಲಿ ನಮ್ಮ ಬಡಾವಣೆಯಲ್ಲೇ ಹೀಗಾಗಿದೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಮಳೆಗಾಲದಲ್ಲೂ ಸೌತೆ ತಿನ್ನಬೇಕು ಅಂತ ಆಸೆಪಟ್ಟು, ಖರ್ಚು ಮಾಡಿ, ಸುತ್ತ ಕೀಟದ ಬಲೆ ಕಟ್ಟಿಸಿ, ಬಾಗಿಲಿಗೂ ಬಲೆ ಹಾಕಿಸಿದರು. ಬಳ್ಳಿ ತಂತಿ ಮುಟ್ಟಿತು. ಎಲೆ ಒಂದೊಂದೂ ಊಟದ ತಟ್ಟೆಯಷ್ಟಗಲ. ಮಿಡಿಗಳು ಮಾತ್ರ ಬೆರಳುದ್ದಕ್ಕೂ ಬರದೆ ಹಳದಿಯಾಗಿ ಉದುರಿದವು. ಗೊಬ್ಬರ ಕಡಿಮೆ ಆಯ್ತು ಅಂದರು ಒಬ್ಬರು, ನೀರು ಜಾಸ್ತಿ ಆಯ್ತು ಅಂದರು ಇನ್ನೊಬ್ಬರು, ಅಂಗಡಿಯವರು ಒಂದು ಟಾನಿಕ್ ಬಾಟಲಿ ಕೊಟ್ಟು ಕಳಿಸಿದರು. ಯಾವುದೂ ಕಾರಣ ಅಲ್ಲ. ಅದು ಜೇನು ಬೇಕಾದ ಸೌತೆ. ಬಿಳಿನೊಣ ಬರದ ಹಾಗೆ ಕಟ್ಟಿದ ಬಲೆಯಲ್ಲಿ ಜೇನು ಎಲ್ಲಿಂದ ಬರಬೇಕು?

ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರುತ್ತವೆ, ಗಿಡ ಕಟ್ಟಿದ ದಾರ ಸ್ವಲ್ಪ ಅಲುಗಾಡಿಸಿದರೂ ಕಾಯಿ ಕಚ್ಚುತ್ತದೆ. ಸಾಮಾನ್ಯ ಸೌತೆಯಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟಿಸಲು ಜೇನು ಬೇಕು, ಇಲ್ಲವೇ ನಮ್ಮ ಕೈ. ಗುರುತು ಹಿಡಿಯೋದು ಸುಲಭ. ಗಂಡು ಹೂವಿನ ಹಿಂದೆ ಬರೀ ತೆಳು ತೊಟ್ಟು ಇರುತ್ತದೆ, ಹೆಣ್ಣು ಹೂವಿನ ಹಿಂದೆ ಕಿರುಬೆರಳಿನ ತುದಿಯಷ್ಟು ಒಂದು ಮಿಡಿ, ಅದರ ಮೈಮೇಲೆ ಆಗಲೇ ಸಣ್ಣ ಸಣ್ಣ ಮುಳ್ಳು. ಮೊದಲು ಬರುವುದು ಗಂಡು ಹೂವೇ. ಅದು ಉದುರಿದರೆ ಗಾಬರಿ ಬೇಡ, ಅದರ ಕೆಲಸ ಅಷ್ಟೇ. ಹೆಣ್ಣು ಹೂ ಶುರುವಾದ ಮೇಲೆ ಬೆಳಿಗ್ಗೆ ಬೇಗ, ಬಿಸಿಲೇರುವ ಮುಂಚೆ, ಆಗತಾನೆ ಅರಳಿದ ಗಂಡು ಹೂ ಕಿತ್ತು ಎಸಳು ಬಿಡಿಸಿ ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಅರ್ಧಂಬರ್ಧ ಸವರಿದರೆ ಕಾಯಿ ಒಂದು ಕಡೆ ದಪ್ಪ ಒಂದು ಕಡೆ ಸೊಟ್ಟ ಆಗುತ್ತದೆ. ಮಧ್ಯಾಹ್ನ ಹೋಗಿ ಸವರಿದರೆ ಪ್ರಯೋಜನ ಇಲ್ಲ. ಈ ಕೆಲಸ ಮೇಷ್ಟ್ರಿಗೆ ಕಷ್ಟವೇ ಅಲ್ಲ, ಅವರು ಐದಕ್ಕೇ ಏಳುವವರು. ಆದರೆ ಹೀಗೆ ಮಾಡಬೇಕು ಅಂತ ಅವರಿಗೆ ಯಾರು ಹೇಳಬೇಕಿತ್ತು?

ಪೊಟ್ಟಣ ಹೇಳಬೇಕಿತ್ತು. ನನ್ನ ತಕರಾರು ಇರುವುದೇ ಅಲ್ಲಿ.

1966ರ ಬೀಜ ಕಾಯ್ದೆ ಇದೆ. ತಳಿಯ ಹೆಸರು, ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆ ಮಾಡಿದ ದಿನಾಂಕ ಇವೆಲ್ಲ ಪೊಟ್ಟಣದ ಮೇಲೆ ಇರುತ್ತವೆ, ಒಪ್ಪಿದೆ. ಸೌತೆಗೆ ಕನಿಷ್ಠ ಶೇ 60 ಮೊಳಕೆ ಅಂತ ಬರೆದಿರುವುದನ್ನು ನೀವೂ ನೋಡಿರಬಹುದು. ಆದರೆ ಮೊಳಕೆ ಬಂದ ಮೇಲೆ ಕಾಯಿ ಬಿಡಲು ಏನು ಬೇಕು ಅನ್ನೋದು ಹೆಚ್ಚಿನ ಪೊಟ್ಟಣಗಳಲ್ಲಿ ಇರೋದೇ ಇಲ್ಲ. ಇದ್ದರೂ ಪಾರ್ಥೆನೋಕಾರ್ಪಿಕ್, ಗೈನೋಶಿಯಸ್ ಅಂತ ಇಂಗ್ಲಿಷಿನಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಮೊದಲನೆಯದಕ್ಕೆ ಪರಾಗ ಇಲ್ಲದೆಯೇ ಕಾಯಿ ಕಚ್ಚುತ್ತದೆ ಅಂತ ಅರ್ಥ, ಎರಡನೆಯದಕ್ಕೆ ಬಳ್ಳಿಯಲ್ಲಿ ಹೆಚ್ಚುಕಡಿಮೆ ಹೆಣ್ಣು ಹೂವೇ ಬರುತ್ತದೆ ಅಂತ. ಎರಡೂ ಒಂದೇ ಅಂದುಕೊಂಡು ಮೋಸ ಹೋಗುವವರು ಜಾಸ್ತಿ. ಬರೀ ಹೆಣ್ಣು ಹೂ ಬಿಡುವ, ಆದರೆ ಪರಾಗ ಬೇಕಾದ ತಳಿಗಳೂ ಇವೆ. ಅಂಥವಕ್ಕೆ ಪರಾಗ ಕೊಡಲು ಅಂತ ಕೆಲವು ಕಂಪನಿಗಳು ಬೇರೆ ಸೌತೆಯ ಒಂದಷ್ಟು ಬೀಜ, ಕೆಲವೊಮ್ಮೆ ಬಣ್ಣ ಹಚ್ಚಿ, ಅದೇ ಪೊಟ್ಟಣಕ್ಕೆ ಸೇರಿಸುತ್ತವೆ. ಎಕರೆಗಟ್ಟಲೆ ಬಿತ್ತುವವರಿಗೆ ಇದು ಸರಿ. ತಾರಸಿಯಲ್ಲಿ ನಾಲ್ಕು ಬೀಜ ಊರುವವರು ಆ ಬಣ್ಣದ ಬೀಜವನ್ನೇ ಬಿಟ್ಟು ಉಳಿದದ್ದು ಊರಿದರೆ ಕತೆ ಮುಗಿಯಿತು.

ಮಿಡಿಸೌತೆ ಅಂದರೆ ಗರ್ಕಿನ್ ಬೆಳೆಯುವ ರೈತರನ್ನು ನೋಡಿ. 1990ರ ದಶಕದ ಆರಂಭದಲ್ಲಿ ನಮ್ಮ ದೇಶದಲ್ಲಿ ಅದು ಮೊದಲು ಶುರುವಾದದ್ದೇ ಕರ್ನಾಟಕದಲ್ಲಿ, ಈಗ ತಮಿಳುನಾಡು, ಆಂಧ್ರ, ತೆಲಂಗಾಣದಲ್ಲೂ ಇದೆ, ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ಹಾಕಿ ಹೊರದೇಶಕ್ಕೆ ಹೋಗುತ್ತದೆ. ಅಲ್ಲಿ ಕಂಪನಿಯವರೇ ಬೀಜ ಕೊಟ್ಟು, ಹೊಲಕ್ಕೆ ಬಂದು ಯಾವಾಗ ಏನು ಮಾಡಬೇಕು ಅಂತ ಹೇಳಿಹೋಗುತ್ತಾರೆ. ಮನೆಯಲ್ಲಿ ಬೆಳೆಯುವವನಿಗೆ ಅಂಥವರು ಯಾರೂ ಇಲ್ಲ. ಇರುವುದು ಆ ಪೊಟ್ಟಣ ಒಂದೇ.

ಹಾಗಾದರೆ ಜೇನು ಬೇಡದ ಬೀಜವನ್ನೇ ಎಲ್ಲರೂ ತಂದರಾಯ್ತು ಅಲ್ವಾ ಅನ್ನಬಹುದು. ಕಾಯಿಯಷ್ಟೇ ಸಾಕು ಅನ್ನುವವರು ಖಂಡಿತ ತರಲಿ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ಬೀಜರಹಿತ ಸೌತೆ ತಳಿ ಇದೆ, ಪಂತನಗರ ಕೃಷಿ ವಿಶ್ವವಿದ್ಯಾಲಯದ್ದು ಇದೆ, ಖಾಸಗಿ ಹೈಬ್ರಿಡ್‌ಗಳಂತೂ ಬೇಕಾದಷ್ಟು. ಕಾಯಿ ನೇರ, ಸಿಪ್ಪೆ ತೆಳು, ಒಳಗೆ ಬೀಜ ಇಲ್ಲ, ಹೆರೆಯುವುದೂ ಬೇಡ. ಒಂದೇ ಕಾಂಡ ಮೇಲಕ್ಕೆ ಹಬ್ಬಿಸಿ, ಬುಡದ ನಾಲ್ಕೈದು ಗೆಣ್ಣಿನ ಕವಲು, ಮಿಡಿ ತೆಗೆದರೆ ಆಮೇಲೆ ಗೆಣ್ಣು ಗೆಣ್ಣಿಗೂ ಕಾಯಿ. ಆದರೆ ಎರಡು ಮಾತು. ಒಂದು, ಅದರಿಂದ ಬೀಜ ಸಿಗುವುದಿಲ್ಲ, ಪ್ರತಿ ಸಲ ದುಡ್ಡು ಕೊಟ್ಟೇ ತರಬೇಕು, ಬೀಜದ ಬೆಲೆ ಪೊಟ್ಟಣಕ್ಕಲ್ಲ, ಒಂದೊಂದು ಬೀಜಕ್ಕೆ ಲೆಕ್ಕ ಹಾಕುವಂಥದ್ದು. ಹೆಣ್ಣು ಹೂವೇ ಬಿಡುವ ಬಳ್ಳಿಯಲ್ಲಿ ಬೀಜ ಮಾಡಿಸಬೇಕು ಅಂದರೆ ಸಿಲ್ವರ್ ನೈಟ್ರೇಟ್‌ನಂಥದ್ದು ಸಿಂಪಡಿಸಿ ಗಂಡು ಹೂ ತರಿಸಬೇಕು. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಎರಡು, ಇದರ ಪಕ್ಕದಲ್ಲೇ ನಾಟಿ ಸೌತೆ ಹಬ್ಬಿಸಿ ಬಾಗಿಲು ತೆರೆದಿಟ್ಟರೆ, ಜೇನು ಬಂದು ಪರಾಗ ಮುಟ್ಟಿಸಿಹೋದರೆ, ಬೀಜ ಇಲ್ಲದ ಕಾಯಿಯಲ್ಲೂ ಬೀಜ ಆಗಿ ತುದಿ ಊದಿಕೊಳ್ಳುತ್ತದೆ. ಒಂದಕ್ಕೆ ಜೇನು ಬೇಕೇ ಬೇಕು, ಇನ್ನೊಂದಕ್ಕೆ ಬರಲೇಬಾರದು. ಪೊಟ್ಟಣ ಎರಡೂ ಒಂದೇ ಥರ ಕಾಣುತ್ತದೆ, ಮೇಲೆ ಅದೇ ಹಸಿರು ಕಾಯಿಯ ಫೋಟೋ.

ನನಗೆ ಇಷ್ಟ ಆಗುವುದು ನಮ್ಮ ಕಡೆಯ ಸೌತೆಗಳೇ. ಮಂಗಳೂರು ಸೌತೆ, ಸಾಗರ-ಸಿರಸಿ ಕಡೆ ಮಗೆಕಾಯಿ ಅನ್ನುತ್ತಾರಲ್ಲ, ಅದನ್ನು ಪಾಲಿಹೌಸಿನಲ್ಲಿ ಬೆಳೆಯುವುದು ಹುಚ್ಚು ಅಂತ ಹಲವರು ನಗುತ್ತಾರೆ. ಅದು ನೆಲದ ಮೇಲೆ ಹರಡುವ ಬಳ್ಳಿ, ನಿಜ. ಆದರೆ ತಾರಸಿಯಲ್ಲಿ ನೆಲ ಎಲ್ಲಿದೆ? ಹಾಗಾಗಿ ಮೇಲಕ್ಕೆ ಹಬ್ಬಿಸಿ, ಕಾಯಿ ಮುಷ್ಟಿ ಗಾತ್ರ ಆಗುತ್ತಿದ್ದ ಹಾಗೆ ಈರುಳ್ಳಿ ಚೀಲದ ಬಲೆಯಲ್ಲಿ ಕೂರಿಸಿ ಮೇಲಿನ ತಂತಿಗೆ ಕಟ್ಟಿಬಿಡಬೇಕು, ಇಲ್ಲದಿದ್ದರೆ ಭಾರಕ್ಕೆ ಬಳ್ಳಿಯೇ ಸೀಳುತ್ತದೆ. ಬಲಿತು ಹಳದಿ ಪಟ್ಟೆ ಬಂದ ಮೇಲೆ ತೊಟ್ಟಿನ ಸಮೇತ ಕೊಯ್ದರೆ ತಿಂಗಳುಗಟ್ಟಲೆ ಇರುತ್ತದೆ. ಕರಾವಳಿ ಮನೆಗಳಲ್ಲಿ ಬೇಸಿಗೆ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ನೇತುಹಾಕಿ ಮಳೆಗಾಲವಿಡೀ ಹುಳಿ, ಕೊದ್ದೆಲ್ ಮಾಡುತ್ತಿದ್ದದ್ದು ಇದನ್ನೇ. ಬೀಜ ಕೂಡ ಬಿಸಾಡುತ್ತಿರಲಿಲ್ಲ, ಅರೆದು ಸಾರು ಮಾಡುತ್ತಿದ್ದರು. ಫ್ರಿಜ್ ಇಲ್ಲದ ಕಾಲದ ತರಕಾರಿ ಇದು.

ಇನ್ನು ಮುಳ್ಳುಸೌತೆ. ಮಲೆನಾಡಿನಲ್ಲಿ ಮಳೆಗಾಲದ ಬಳ್ಳಿ, ಚೌತಿ ಹೊತ್ತಿಗೆ ಫಲಾವಳಿಗೆ ಕಟ್ಟುವಷ್ಟು ಕಾಯಿ. ಬಯಲಲ್ಲಿ ಜೋರು ಮಳೆ ಹಿಡಿದರೆ ಎಲೆ ಸದಾ ಒದ್ದೆ, ಬೂಜು ರೋಗ ಬಂದು ವಾರದಲ್ಲಿ ಬಳ್ಳಿ ಸುಟ್ಟ ಹಾಗಾಗುತ್ತದೆ. ಸೂರಿನ ಕೆಳಗೆ ಈ ಕಾಟ ಕಡಿಮೆ. ಬದಲಿಗೆ ಬೂದಿ ರೋಗ ಬರುತ್ತದೆ, ಅದಕ್ಕೆ ಎಲೆ ಒದ್ದೆ ಆಗಬೇಕಿಲ್ಲ, ಗಾಳಿಯಾಡದೆ ಮಬ್ಬಾಗಿದ್ದರೆ ಸಾಕು. ಕೆಳಗಿನ ಹಳೆ ಎಲೆ ಕತ್ತರಿಸಿ, ಬದಿ ಶೀಟ್ ಸುತ್ತಿ ಮೇಲೆತ್ತಿ ಗಾಳಿ ಬಿಡಬೇಕು. ಏಪ್ರಿಲ್‌ನಲ್ಲಿ ಮೇಲೆ ಶೇಡ್‌ನೆಟ್ ಹಾಕದಿದ್ದರೆ ಒಳಗಿನ ಸೆಖೆಗೆ ಗಂಡು ಹೂವೇ ಜಾಸ್ತಿ ಆಗುತ್ತದೆ, ಹೆಣ್ಣು ಹೂ ಕಡಿಮೆ, ಬಿಟ್ಟ ಕಾಯಿಯೂ ಕಹಿ.

ಕಹಿ ಅಂದಾಗ ನೆನಪಾಯ್ತು. ಹಾಗಲ ಬಳ್ಳಿ ಪಕ್ಕ ಇದ್ದರೆ ಸೌತೆ ಕಹಿಯಾಗುತ್ತದೆ ಅನ್ನೋದು ಸುಳ್ಳು. ಎರಡೂ ಕೂಡುವುದೇ ಇಲ್ಲ. ಕಹಿಗೆ ಕಾರಣ ಕುಕುರ್ಬಿಟಾಸಿನ್ ಅನ್ನೋ ವಸ್ತು, ಬಿಸಿಲು, ನೀರಿನ ಏರುಪೇರು ಆದಾಗ ಅದು ಹೆಚ್ಚುತ್ತದೆ, ಕೆಲವು ತಳಿಯಲ್ಲಿ ಹುಟ್ಟಿನಿಂದಲೇ ಜಾಸ್ತಿ. ತೊಟ್ಟಿನ ಕಡೆ ಹೆಚ್ಚಿರುವುದರಿಂದ ಆ ತುದಿ ಕತ್ತರಿಸುವುದು ಸರಿ. ವಿಪರೀತ ಕಹಿ ಇದ್ದರೆ ಮುಖ ನೋಡದೆ ಬಿಸಾಡಿ, ಹೊಟ್ಟೆ ಕೆಡುತ್ತದೆ.

ಈ ಕೂಡುವ ವಿಷಯವೇ ನನ್ನ ಮುಖ್ಯ ಮಾತಿಗೆ ಬೇಕಾದದ್ದು. ಮುಳ್ಳುಸೌತೆ ಮತ್ತು ಮಂಗಳೂರು ಸೌತೆ ಹೆಸರಿಗಷ್ಟೇ ನೆಂಟರು. ಮುಳ್ಳುಸೌತೆಯದು ಬೇರೆ ಜಾತಿ, ಅದರಲ್ಲಿ 14 ವರ್ಣತಂತು (ಕ್ರೋಮೋಸೋಮ್). ಮಂಗಳೂರು ಸೌತೆ ಕರಬೂಜದ ಜಾತಿ, 24. ಎರಡನ್ನೂ ಒಂದೇ ಸೂರಿನ ಕೆಳಗೆ ಹಾಕಿದರೂ ಬೆರಕೆ ಆಗುವುದಿಲ್ಲ. ಆದರೆ ಎರಡು ಊರಿನ ಎರಡು ಮುಳ್ಳುಸೌತೆ ಹಾಕಿ ಜೇನು ಬಿಟ್ಟರೆ ಬೆರಕೆ ಆಗಿಯೇ ಆಗುತ್ತದೆ. ಆ ವರ್ಷದ ಕಾಯಿಯಲ್ಲಿ ಗೊತ್ತಾಗುವುದಿಲ್ಲ, ಅದರ ಬೀಜ ಊರಿದಾಗ ಗೊತ್ತಾಗುತ್ತದೆ. ಈಗ ಯೋಚಿಸಿ. ಮೇಷ್ಟ್ರ ಬಲೆ ಜೇನನ್ನು ತಡೆಯಿತು ಅಂತ ಬೈದೆವಲ್ಲ, ನಾಟಿ ತಳಿ ಶುದ್ಧವಾಗಿ ಉಳಿಸಿಕೊಳ್ಳಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಹೊರಗಿನ ಪರಾಗ ಬರುವುದಿಲ್ಲ, ನೀವೇ ಕೈಯಾರೆ ಮುಟ್ಟಿಸುತ್ತೀರಿ, ಆ ಕಾಯಿಗೆ ದಾರ ಕಟ್ಟಿ ಬಳ್ಳಿಯಲ್ಲೇ ಪೂರ್ತಿ ಹಣ್ಣಾಗಲು ಬಿಡುತ್ತೀರಿ. ತಿರುಳಿನ ಸಮೇತ ಬೀಜವನ್ನು ಒಂದೆರಡು ದಿನ ಪಾತ್ರೆಯಲ್ಲಿ ಹುಳಿಯಲು ಬಿಟ್ಟು, ತೊಳೆದು, ತೇಲಿದ ಜಳ್ಳು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿದರೆ ಮುಗಿಯಿತು. ನಮ್ಮ ಅಜ್ಜಿಯಂದಿರು ಬೂದಿ ಬೆರೆಸಿ ಇಡುತ್ತಿದ್ದರು, ಸಗಣಿಗೆ ಒತ್ತಿ ಗೋಡೆಗೆ ಬಡಿಯುತ್ತಿದ್ದರು. ಈಗ ಗಾಜಿನ ಬಾಟಲಿ ಸಾಕು.

ಆದ್ದರಿಂದ ತೋಟಗಾರಿಕೆ ಇಲಾಖೆಗೆ, ನಮ್ಮ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿಗೆ (ನಮ್ಮ ಜಿಲ್ಲೆಯ ಇರುವಕ್ಕಿಯಲ್ಲೇ ಒಂದಿದೆ, ದೂರ ಹೋಗುವುದೇನೂ ಬೇಡ) ನನ್ನ ಕೋರಿಕೆ ಸಣ್ಣದು. ಖಾಸಗಿ ಕಂಪನಿಗಳ ಪೊಟ್ಟಣ ಬದಲಿಸಲು ಕೇಂದ್ರದ ನಿಯಮ ಬೇಕಾಗಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ನಿಮ್ಮ ಹೆಸರಿನಲ್ಲಿ ನೀವೇ ಮಾರುವ ಬೀಜದ ಮೇಲೆ ಬರೆಯಲು ಯಾರ ಅಪ್ಪಣೆಯೂ ಬೇಡ. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಜೇನು ಬೇಕು ಅಥವಾ ಜೇನು ಬೇಡ. ಅದರ ಕೆಳಗೆ, ಬೀಜ ಉಳಿಸಿಕೊಳ್ಳಬಹುದು ಅಥವಾ ಉಳಿಸಲಾಗದು. ಜೊತೆಗೆ ಕೃಷಿ ಮೇಳಗಳಲ್ಲಿ ನಾಟಿ ಮುಳ್ಳುಸೌತೆ, ಮಗೆಕಾಯಿ ಬೀಜವನ್ನು ಯಾವ ಊರಿನದ್ದು ಅಂತ ಬರೆದು ಹತ್ತು-ಹದಿನೈದು ಬೀಜದ ಸಣ್ಣ ಪೊಟ್ಟಣ ಮಾಡಿ ಇಡಿ. ತಾರಸಿಯವನಿಗೆ ಐವತ್ತು ಗ್ರಾಂ ಬೀಜ ಏನು ಮಾಡಲಿಕ್ಕೆ?

ನಿಮಗೂ ಒಂದು ಕೋರಿಕೆ ಸಂಪಾದಕರೇ. ಬೇಸಿಗೆ ಬಿತ್ತನೆಗೆ ಜನ ಜನವರಿಯಲ್ಲೇ ಬೀಜದ ಅಂಗಡಿಗೆ ಹೋಗುತ್ತಾರೆ. ಅಷ್ಟರೊಳಗೆ ಗಂಡು ಹೂ, ಹೆಣ್ಣು ಹೂ ಎರಡರ ಫೋಟೋ ಪಕ್ಕಪಕ್ಕ ಹಾಕಿ ಒಂದು ಕಾಲು ಪುಟದ ಬರಹ ಪ್ರಕಟಿಸಿ. ಬಣ್ಣದಲ್ಲೇ ಹಾಕಿ, ಕಪ್ಪುಬಿಳುಪಿನಲ್ಲಿ ಮಿಡಿ ಕಾಣುವುದಿಲ್ಲ.

ಇಂತಿ,
ಶಿವಮೊಗ್ಗದ ಒಬ್ಬ ಓದುಗ