ಔಷಧ ಚೀಟಿ ಬರೆಯುವ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆ, ಗಮನಿಸಿ

ರಾಯಚೂರು ಗುಂಪಿನ ಡಾಕ್ಟರ್‌ಗಳಿಗೆಲ್ಲ ನಮಸ್ಕಾರ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ಫೋನ್, ವಿಡಿಯೋದಲ್ಲಿ ದೂರದಿಂದಲೇ ಪೇಷೆಂಟ್ ನೋಡುವುದು) ಮಾರ್ಗಸೂಚಿಯ ಔಷಧ ಪಟ್ಟಿಗಳು ಈಗ ನಮ್ಮ ಸಾಫ್ಟ್‌ವೇರ್ ಒಳಗೇ ಇವೆ. ಪಿಡಿಎಫ್ ತೆರೆದು ಹುಡುಕುವ ಕೆಲಸ ತಪ್ಪಿತು.

ಮೊದಲು ಫೋನ್, ವಿಡಿಯೋ ಅಥವಾ ಎದುರಿಗೆ, ಇದರಲ್ಲಿ ಒಂದನ್ನು ಒತ್ತಿ. ಪ್ಯಾರಾಸಿಟಮಾಲ್, ಓಆರ್‌ಎಸ್ ಥರದವು ಓ ಪಟ್ಟಿ, ಹೇಗೆ ಮಾತಾಡಿದರೂ ಬರೆಯಬಹುದು. ಎ ಪಟ್ಟಿಯ ಔಷಧಕ್ಕೆ ಮೊದಲ ಸಲ ವಿಡಿಯೋ ಬೇಕೇ ಬೇಕು.

ನಮಗೆ ಜಾಸ್ತಿ ಉಪಯೋಗ ಬಿ ಪಟ್ಟಿಯದು, ಅಂದರೆ ಈಗಾಗಲೇ ನಡೆಯುತ್ತಿರುವ ಔಷಧಕ್ಕೆ ಸೇರಿಸುವಂಥವು. ಸಿಂಧನೂರಿನಿಂದ ಬಿಪಿ ಪೇಷೆಂಟ್ ಫೋನ್ ಮಾಡಿದರು ಅಂದುಕೊಳ್ಳಿ. ಅದೇ ಕಾಯಿಲೆಗೆ 6 ತಿಂಗಳ ಒಳಗೆ ನೀವೇ ಎದುರಿಗೆ ನೋಡಿದ್ದರೆ, ಅವರು ತೆಗೆದುಕೊಳ್ಳುತ್ತಿರುವ ಬಿಪಿ ಔಷಧ ಅಟೆನೊಲಾಲ್ ಜೊತೆ ಇನ್ನೊಂದು ಬಿಪಿ ಔಷಧ ಥಯಾಜೈಡ್ ಸೇರಿಸಬಹುದು. ಹಿಂದಿನ ಭೇಟಿಯ ತಾರೀಖು ಪರದೆಯ ಮೇಲ್ಗಡೆ ತಾನೇ ಕಾಣುತ್ತದೆ. ಹಳೇ ದಾಖಲೆಯಲ್ಲಿ ತಾರೀಖು ಬಿಟ್ಟಿದ್ದರೆ ತುಂಬಿಸಿಬಿಡಿ. ಇಲ್ಲದಿದ್ದರೆ ಸುಮ್ನೆ ಕೆಂಪು ಗುರುತು ಬರುತ್ತದೆ.

ಕೊಡೀನ್, ಮಾರ್ಫಿನ್ ಥರದ ಮಾದಕ ಔಷಧ ಮಾತ್ರ ಫೋನಿನಲ್ಲೂ ಇಲ್ಲ, ವಿಡಿಯೋದಲ್ಲೂ ಇಲ್ಲ. ಪೇಷೆಂಟ್ ಎಷ್ಟೇ ಗೋಗರೆದರೂ ಪರದೆ ಬಿಡುವುದಿಲ್ಲ. ನನಗಂತೂ ಇದು ಒಳ್ಳೇದೇ ಅನಿಸಿತು, ಬೈಗುಳ ಸಾಫ್ಟ್‌ವೇರ್‌ಗೆ ಹೋಗುತ್ತದೆ ಅಲ್ವಾ!

ತೊಂದರೆ ಬಂದರೆ ಪರದೆಯ ಫೋಟೋ ಇಲ್ಲೇ ಹಾಕಿ. ಪೇಷೆಂಟ್ ಹೆಸರು, ನಂಬರ್ ಮುಚ್ಚಿ ಹಾಕಿ.