ಫಶೋಡಾದಲ್ಲಿ ಗುಂಡು ಹಾರಿದ್ದರೆ...

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ‘ಹೀಗಾಗಿದ್ದರೆ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷಕ್ಕೆ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಬಹುಕಾಲ ಇತಿಹಾಸ ಪಾಠ ಹೇಳಿದವನಿಗೆ ಅಂಚಿನಲ್ಲಿ ಗೀಚುವ ಚಟ ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. 1898ರಲ್ಲಿ ಆಫ್ರಿಕಾದ ಬಿಳಿ ನೈಲ್ ದಂಡೆಯ ಫಶೋಡಾದಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ಹತ್ತಿಕೊಂಡಿದ್ದರೆ ಇಪ್ಪತ್ತನೆಯ ಶತಮಾನ ಯಾವ ದಾರಿ ಹಿಡಿಯುತ್ತಿತ್ತು ಎಂಬುದು ಲೇಖನದ ವಸ್ತು. ಇಂಥ ಪ್ರಶ್ನೆ ಕೇಳುವುದೇ ಕಾಲಹರಣ ಎನ್ನುವ ಸಹೋದ್ಯೋಗಿಗಳು ನನಗಿದ್ದರು. ನಾನು ಆ ಗುಂಪಿನವನಲ್ಲ. ಆದದ್ದು ಏಕೆ ಆಯಿತೆಂದು ಹೇಳಹೊರಟರೆ ಆಗದೇ ಹೋದದ್ದನ್ನೂ ಪಕ್ಕದಲ್ಲಿಟ್ಟು ನೋಡಲೇಬೇಕು. ನನ್ನ ತಕರಾರು ಇಷ್ಟೆ: ಲೇಖಕರು ನಕ್ಷೆಯ ಬಣ್ಣ ಬದಲಿಸಿ ಅಲ್ಲಿಗೇ ನಿಂತುಬಿಟ್ಟಿದ್ದಾರೆ. ಬ್ರಿಟಿಷರ ಗುಲಾಬಿ ಇದ್ದಲ್ಲಿ ಫ್ರೆಂಚರ ನೀಲಿ, ನೀಲಿ ಇದ್ದಲ್ಲಿ ಗುಲಾಬಿ. ಬಣ್ಣ ಬಳಿಸಿಕೊಂಡ ನೆಲದ ಜನ ಲೇಖನದ ಯಾವ ಮೂಲೆಯಲ್ಲೂ ಕಾಣುವುದಿಲ್ಲ.

ಲೇಖನ ಓದದವರಿಗಾಗಿ ಘಟನೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮಾರ್ಶಾಂ ಎಂಬ ಫ್ರೆಂಚ್ ಸೇನಾಧಿಕಾರಿಯ ದಂಡಯಾತ್ರೆ 1896ರಲ್ಲಿ ಹೊರಟಿತು. ಅಟ್ಲಾಂಟಿಕ್ ಕರಾವಳಿಯಿಂದ ಕಾಂಗೋ, ಉಬಾಂಗಿ ನದಿಗಳ ದಾರಿ ಹಿಡಿದು, ನೀರಿಲ್ಲದ ಕಡೆ ಉಗಿದೋಣಿಯನ್ನು ತುಂಡು ತುಂಡಾಗಿ ಬಿಚ್ಚಿ ಹೊರೆಯಾಳುಗಳಿಂದ ಹೊರಿಸಿ, ಎರಡು ವರ್ಷ ಸವೆಸಿ 1898ರ ಜುಲೈ 10ರಂದು ಫಶೋಡಾ ಮುಟ್ಟಿತು. ಆತನ ಜೊತೆಗಿದ್ದವರು ಬೆರಳೆಣಿಕೆಯ ಫ್ರೆಂಚರು, ಸುಮಾರು 120 ಸೆನೆಗಲ್ ಸೈನಿಕರು. ಸೆಪ್ಟೆಂಬರ್ 2ರಂದು ಓಮ್ಡುರ್ಮನ್ ಬಯಲಿನಲ್ಲಿ ಸುಡಾನನ್ನು ಆಳುತ್ತಿದ್ದ ಇಸ್ಲಾಮಿನ ಮಹದೀ ಪಂಥದ ಸೈನ್ಯವನ್ನು ಮ್ಯಾಕ್ಸಿಮ್ ಮೆಷಿನ್ ಗನ್ನುಗಳಿಂದ ನೆಲಕ್ಕೆ ಕೆಡವಿದ ಬ್ರಿಟಿಷ್ ಸೇನಾಪತಿ ಕಿಚನರ್, ಅದೇ ತಿಂಗಳ 19ರಂದು ಐದು ಉಗಿದೋಣಿಗಳಲ್ಲಿ ನದಿಯ ಮೇಲ್ದಿಕ್ಕಿಗೆ ಬಂದು ಮಾರ್ಶಾಂನ ಎದುರು ನಿಂತ. ಇಬ್ಬರೂ ಸೌಜನ್ಯದಿಂದ ಮಾತಾಡಿದರು, ಪಾನೀಯ ಹಂಚಿಕೊಂಡರು. ಗುಂಡು ಹಾರಲಿಲ್ಲ. ನವೆಂಬರ್ ಮೊದಲ ವಾರದಲ್ಲಿ ಪ್ಯಾರಿಸ್ ಹಿಂದೆ ಸರಿಯಿತು.

ಯುದ್ಧ ನಡೆದಿದ್ದರೆ ಫ್ರಾನ್ಸ್ ಸಮುದ್ರದಲ್ಲಿ ಸೋತು, 1763ರಲ್ಲಿ ಕೆನಡಾ ಕಳೆದುಕೊಂಡಂತೆ ಇನ್ನಷ್ಟು ವಸಾಹತು ಕಳೆದುಕೊಳ್ಳುತ್ತಿತ್ತು, 1904ರ ಬ್ರಿಟನ್–ಫ್ರಾನ್ಸ್ ಸ್ನೇಹ ಕುದುರುತ್ತಿರಲಿಲ್ಲ, 1914ರಲ್ಲಿ ಬಣಗಳೇ ಬೇರೆಯಾಗುತ್ತಿದ್ದವು ಎನ್ನುತ್ತಾರೆ ಲೇಖಕರು. ಇದಕ್ಕೆ ನನ್ನ ಪೆನ್ಸಿಲ್ ಹೆಚ್ಚೇನೂ ತಗುಲಲಿಲ್ಲ. ಮಿತ್ರರಾಷ್ಟ್ರ ರಷ್ಯಾ ಫ್ರಾನ್ಸಿನ ಪರ ಯುದ್ಧಕ್ಕಿಳಿಯುತ್ತಿತ್ತು ಎಂಬ ಸಾಲಿನ ಕೆಳಗೆ ಮಾತ್ರ ಗೆರೆ ಎಳೆದೆ. ನೈಲ್ ನದಿಗಾಗಿ ರಕ್ತ ಸುರಿಸುವ ಆಸೆ ರಷ್ಯಾಕ್ಕಿರಲಿಲ್ಲ. ಪ್ಯಾರಿಸ್ಸಿಗೂ ಅದು ಗೊತ್ತಿತ್ತು. ಯಹೂದಿ ಸೇನಾಧಿಕಾರಿಯೊಬ್ಬನನ್ನು ಸುಳ್ಳು ದ್ರೋಹದ ಆರೋಪದಲ್ಲಿ ಶಿಕ್ಷಿಸಿದ ಡ್ರೈಫಸ್ ಪ್ರಕರಣದಿಂದ ಒಳಗೊಳಗೇ ಬೇಯುತ್ತಿದ್ದ ಫ್ರಾನ್ಸಿಗೆ ಹೊರಗೊಂದು ಯುದ್ಧ ತಾಳಿಕೊಳ್ಳುವ ಸ್ಥಿತಿಯೂ ಇರಲಿಲ್ಲ.

ಇನ್ನು ಲೇಖಕರು ಎತ್ತದ ವಿಷಯಕ್ಕೆ ಬರುತ್ತೇನೆ. ಅಷ್ಟು ದೂರದ ಆ ಜೌಗು ನೆಲ ಫ್ರೆಂಚರಿಗೆ ಏಕೆ ಬೇಕಾಗಿತ್ತು? 1893ರಲ್ಲಿ ವಿಕ್ಟರ್ ಪ್ರಾಂಪ್ಟ್ ಎಂಬ ಫ್ರೆಂಚ್ ಎಂಜಿನಿಯರ್ ಕೈರೋದಲ್ಲಿ ಒಂದು ಪ್ರಬಂಧ ಓದಿದ. ನೈಲ್ ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿದವರು ಈಜಿಪ್ಟನ್ನು ಒಣಗಿಸಲೂಬಹುದು, ಮುಳುಗಿಸಲೂಬಹುದು ಎಂಬುದು ಅದರ ಸಾರ. ಆತ ಫ್ರಾನ್ಸಿನ ಅಧ್ಯಕ್ಷ ಕಾರ್ನೋನ ಹಳೆಯ ಸಹಪಾಠಿ, ಹಾಗಾಗಿ ಪ್ರಬಂಧ ತಲುಪಬೇಕಾದ ಮೇಜನ್ನು ಬೇಗನೆ ತಲುಪಿತು. ಈಜಿಪ್ಟಿನಲ್ಲಿ ಕುಳಿತಿದ್ದ ಬ್ರಿಟಿಷರನ್ನು ಮಾತುಕತೆಗೆ ಎಳೆಯಲು ಇದಕ್ಕಿಂತ ಒಳ್ಳೆಯ ಅಸ್ತ್ರ ಎಲ್ಲಿದೆ? ಫಶೋಡಾದ ಸುತ್ತ ಅಣೆಕಟ್ಟಿಗೆ ಬೇಕಾದ ಕಲ್ಲು ಹತ್ತಿರದಲ್ಲೆಲ್ಲೂ ಇಲ್ಲ, ಈಜಿಪ್ಟಿನ ಹೊಲಗಳಿಗೆ ಮೆಕ್ಕಲು ತರುವ ಪ್ರವಾಹ ಹುಟ್ಟುವುದು ಇಥಿಯೋಪಿಯದ ಎತ್ತರದಲ್ಲಿ ಎಂಬುದನ್ನು ಯಾರೂ ನಿಧಾನಿಸಿ ನೋಡಲಿಲ್ಲ. ಲಂಡನ್ನಿಗೂ ಇದೇ ಭಯ ಹತ್ತಿತು. 1895ರ ಮಾರ್ಚಿನಲ್ಲಿ ಬ್ರಿಟನ್ನಿನ ವಿದೇಶಾಂಗ ಉಪಕಾರ್ಯದರ್ಶಿ ಎಡ್ವರ್ಡ್ ಗ್ರೇ ಪಾರ್ಲಿಮೆಂಟಿನಲ್ಲಿ ನಿಂತು, ಫ್ರೆಂಚರು ನೈಲ್ ಕಣಿವೆಗೆ ಕಾಲಿಟ್ಟರೆ ಅದನ್ನು ಸ್ನೇಹಕ್ಕೆ ವಿರುದ್ಧವಾದ ನಡೆಯೆಂದು ಭಾವಿಸುವುದಾಗಿ ಎಚ್ಚರಿಸಿದ.

ಅಂದರೆ ‘ಹೀಗಾದರೆ’ ಎಂಬ ಆಟವನ್ನು ನಮ್ಮ ಲೇಖಕರಿಗಿಂತ ಮೊದಲೇ ಆ ಸರ್ಕಾರಗಳು ಆಡುತ್ತಿದ್ದವು, ಅದೂ ಸೈನ್ಯ ಇಟ್ಟುಕೊಂಡು. ನಾವು ಹಿಡಿಯದಿದ್ದರೆ ಅವರು ಹಿಡಿದುಬಿಡುತ್ತಾರೆ ಎಂಬ ಒಂದೇ ಊಹೆಯ ಮೇಲೆ ಆಫ್ರಿಕಾದ ಎಷ್ಟು ನೆಲ ಕೈ ಬದಲಾಯಿಸಿತು! ಮಧ್ಯ ಏಷ್ಯಾದಲ್ಲಿ ರಷ್ಯಾ ಒಂದು ಹೆಜ್ಜೆ ಇಟ್ಟರೆ ಬ್ರಿಟಿಷ್ ಅಧಿಕಾರಿಗಳ ಕಣ್ಣಿಗೆ ರಷ್ಯದ ಕಸಾಕ್ ಸವಾರರ ಕುದುರೆಗಳು ಆಗಲೇ ಖೈಬರ್ ದಾಟಿ ಬರುತ್ತಿದ್ದವು. ಆಗದ ದಾಳಿಯ ಹೆಸರಿನಲ್ಲಿ ಅಫ್ಘಾನಿಸ್ತಾನದ ಮೇಲೆ ಆದ ದಾಳಿಗಳು ಮಾತ್ರ ನಿಜವಾದವು. ಪರ್ಯಾಯ ಇತಿಹಾಸ ಬರೆಯುವವರು ಆ ಸರ್ಕಾರಗಳ ಕಡತಗಳಲ್ಲಿರುವ ಇಂಥ ಕಲ್ಪನೆಯನ್ನು ಮೊದಲು ಓದಬೇಕೆಂಬುದು ನನ್ನ ಹಠ.

ಫಶೋಡಾದ ಆಟದಲ್ಲಿ ಇಬ್ಬರೇ ಆಟಗಾರರು ಎಂಬ ನಂಬಿಕೆಯನ್ನೂ ಪರೀಕ್ಷಿಸೋಣ. ಕಿಚನರ್ ಸುಡಾನಿನತ್ತ ಹೊರಟದ್ದು ಯಾವಾಗ? 1896ರ ಮಾರ್ಚ್ 1ರಂದು ಅಡ್ವಾದಲ್ಲಿ ಇಥಿಯೋಪಿಯದ ಚಕ್ರವರ್ತಿ ಎರಡನೆಯ ಮೆನೆಲಿಕ್ ಇಟಲಿಯ ಸೈನ್ಯವನ್ನು ನುಚ್ಚುನೂರು ಮಾಡಿದ. ಎರಡು ವಾರದೊಳಗೆ ಲಂಡನ್, ಪೂರ್ವ ಸುಡಾನಿನ ಕಸ್ಸಲಾದಲ್ಲಿ ಸಿಕ್ಕಿಕೊಂಡಿದ್ದ ಇಟಾಲಿಯನ್ನರ ಮೇಲಿನ ಒತ್ತಡ ಇಳಿಸುವ ನೆಪ ಹೇಳಿ, ಉತ್ತರ ಸುಡಾನಿನ ಡೊಂಗೊಲಾ ಕಡೆಗೆ ಸೈನ್ಯ ನಡೆಸಲು ಆಜ್ಞೆ ಕೊಟ್ಟಿತು. ಆ ದಾರಿಯೇ ಓಮ್ಡುರ್ಮನ್ನಿಗೂ ಫಶೋಡಾಕ್ಕೂ ಹೋಯಿತು. ಒಬ್ಬ ಆಫ್ರಿಕನ್ ಅರಸನ ಗೆಲುವು ಯುರೋಪಿನ ಚದುರಂಗದ ಕಾಯಿಗಳನ್ನು ಕದಲಿಸಿತು. ಲೇಖನದಲ್ಲಿ ಮೆನೆಲಿಕ್‌ನ ಹೆಸರು ಒಮ್ಮೆಯೂ ಬರುವುದಿಲ್ಲ.

ನನ್ನನ್ನೇ ಕೇಳಿದರೆ ಕವಲು ದಾರಿಯನ್ನು ಇನ್ನೂ ಹಿಂದೆ ಹುಡುಕುತ್ತೇನೆ. 1888ರ ಕೊನೆಗೆ ಇಥಿಯೋಪಿಯದ ಅಂದಿನ ಚಕ್ರವರ್ತಿ ನಾಲ್ಕನೆಯ ಯೊಹಾನ್ನಿಸ್, ಮಹದೀ ಸೇನಾಪತಿ ಹಮ್ದಾನ್ ಅಬು ಅಂಜಾನಿಗೆ ಪತ್ರ ಬರೆದ. ಬಡವರನ್ನು ಸುಮ್ಮನೆ ಕೊಲ್ಲಿಸುವುದು ಬೇಡ, ಯುರೋಪಿನವರು ನಮ್ಮಿಬ್ಬರಿಗೂ ವೈರಿಗಳು, ನನ್ನನ್ನು ಸೋಲಿಸಿದರೆ ನಿಮ್ಮನ್ನೂ ಬಿಡುವವರಲ್ಲ, ಒಂದಾಗೋಣ ಎಂಬುದು ಅದರ ಭಾವ. ಬಂದ ಉತ್ತರ ತಿರಸ್ಕಾರದ್ದು. 1889ರ ಮಾರ್ಚಿನಲ್ಲಿ ಗಡಿಯ ಮೆತೆಮ್ಮಾದಲ್ಲಿ ಎರಡೂ ಕಡೆಯ ಸೈನ್ಯಗಳು ಕಾದಾಡಿದವು. ಗೆಲುವಿನ ಅಂಚಿನಲ್ಲಿದ್ದ ಯೊಹಾನ್ನಿಸ್ ಗುಂಡೇಟಿನಿಂದ ಸತ್ತ, ಸೈನ್ಯ ಚದುರಿತು. ಇಥಿಯೋಪಿಯದ ಉತ್ತರ ಭಾಗದಲ್ಲಿ ಹೇಳುವವರು ಕೇಳುವವರಿಲ್ಲದಂತಾದಾಗ ಇಟಾಲಿಯನ್ನರು ಅದೇ ವರ್ಷ ಎತ್ತರದ ಅಸ್ಮರಾ ಊರನ್ನು ಹತ್ತಿದರು. 1890ರ ಜನವರಿ 1ರಂದು ಎರಿಟ್ರಿಯಾ ಎಂಬ ವಸಾಹತು ಹುಟ್ಟಿತು.

ಆ ಪತ್ರಕ್ಕೆ ಒಪ್ಪಿಗೆಯ ಉತ್ತರ ಬಂದಿದ್ದರೆ? ಇದು ನಮ್ಮ ತಲೆಯಲ್ಲಿ ಹುಟ್ಟಿದ ಸಾಧ್ಯತೆಯಲ್ಲ, ಆ ಕಾಲದವನೇ ಶಾಯಿಯಲ್ಲಿ ಬರೆದಿಟ್ಟದ್ದು. ಹಾಗೆಂದು ನಾನೂ ಕನಸಿಗೆ ಬೀಳುವುದಿಲ್ಲ. ಒಬ್ಬ ಕ್ರೈಸ್ತ ಚಕ್ರವರ್ತಿಯ ಜೊತೆ ಕೈಜೋಡಿಸಿದರೆ ಧರ್ಮಯುದ್ಧದ ಮೇಲೆ ನಿಂತ ಮಹದೀ ರಾಜ್ಯದ ಬುಡವೇ ಅಲುಗುತ್ತಿತ್ತು, ಸೇನಾಪತಿ ಬೇರೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಮನುಷ್ಯರದ್ದಲ್ಲ. ಇಟಲಿಯ ಸೇನೆಗೆಂದು ಹಡಗಿನಲ್ಲಿ ತಂದ ದನಗಳ ಜೊತೆ ಬಂದಿತೆನ್ನಲಾದ ರಿಂಡರ್‌ಪೆಸ್ಟ್ ಎಂಬ ಜಾನುವಾರು ಪಿಡುಗು ಆ ಹೊತ್ತಿಗೆ ಇಥಿಯೋಪಿಯಕ್ಕೆ ಕಾಲಿಟ್ಟಿತ್ತು. ಉಳುವ ಎತ್ತುಗಳು ಹೋದವು, ಬರ ಬಂತು, 1888ರಿಂದ 1892ರವರೆಗೆ ಜನ ಹಸಿವಿನಿಂದ ಸತ್ತರು. ಯಾವ ಸಂಧಿಪತ್ರವೂ ಈ ಪಿಡುಗನ್ನು ತಡೆಯುತ್ತಿರಲಿಲ್ಲ. ಪರ್ಯಾಯ ಇತಿಹಾಸದ ಪುಸ್ತಕಗಳಲ್ಲಿ ಸೇನಾಪತಿಗಳು ತುಂಬಿರುತ್ತಾರೆ, ಎತ್ತುಗಳು ಇರುವುದಿಲ್ಲ. ಇದು ನನ್ನ ಹಳೆಯ ಗೊಣಗಾಟ.

ಇನ್ನೊಂದು ಕವಲು ಫಶೋಡಾದ ಹತ್ತಿರವೇ ಇದೆ. 1898ರ ಜೂನ್ ಕೊನೆಗೆ ಇಥಿಯೋಪಿಯದ ಒಂದು ಸೈನ್ಯ ಸೊಬತ್ ನದಿಯ ಗುಂಟ ಬಿಳಿ ನೈಲ್ ತನಕ ಇಳಿದು ಬಂದಿತ್ತು. ಜೊತೆಗೆ ಫ್ರೆಂಚ್ ದಂಡಯಾತ್ರೆಯೊಂದರ ಇಬ್ಬರೂ ಅರ್ತಮೊನೋವ್ ಎಂಬ ರಷ್ಯನ್ ಕರ್ನಲ್ಲನೂ ಇದ್ದರು. ಮಾರ್ಶಾಂ ಕಾಣಲಿಲ್ಲ. ಜ್ವರ ಜನರನ್ನು ಉರುಳಿಸುತ್ತಿತ್ತು. ಬಾವುಟ ನೆಟ್ಟು ಹಿಂದಿರುಗಿದರು. ಮಾರ್ಶಾಂ ಬಂದದ್ದು ಕೆಲವೇ ವಾರಗಳ ನಂತರ. ಅವರು ಕಾದಿದ್ದರೆ ಕಿಚನರ್‌ನ ಎದುರು ನೂರಿಪ್ಪತ್ತು ಜನರ ಬದಲು ಅಡ್ವಾ ಗೆದ್ದ ರಾಜ್ಯವೊಂದರ ಸೈನ್ಯ ನಿಂತಿರುತ್ತಿತ್ತು. ಮೆನೆಲಿಕ್ ಸೈನ್ಯವನ್ನು ಕಾಯಲು ಬಿಡುತ್ತಿದ್ದನೇ ಎಂಬುದು ಬೇರೆ ಪ್ರಶ್ನೆ. ಫ್ರೆಂಚರಿಗಾಗಿ ಬ್ರಿಟಿಷರ ಮೇಲೆ ಬೀಳುವಷ್ಟು ಭೋಳೆ ಅವನಲ್ಲ. ಅವನು ಇಬ್ಬರ ಜೊತೆಯೂ ಒಪ್ಪಂದ ಮಾಡಿಕೊಂಡಿದ್ದ, ಓಮ್ಡುರ್ಮನ್‌ನ ಮಹದೀ ದೊರೆ ಖಲೀಫಾನ ಜೊತೆಗೂ ದೂತರನ್ನು ವಿನಿಮಯ ಮಾಡಿಕೊಳ್ಳುತ್ತಿದ್ದ. ದೊಡ್ಡ ರಾಷ್ಟ್ರಗಳ ಪೈಪೋಟಿಯಲ್ಲಿ ಸಂದು ಹುಡುಕಿ ನುಸುಳುವ ಕಲೆ ಅವನಷ್ಟು ಬಲ್ಲವರು ಕಡಿಮೆ.

ಫಶೋಡಾದ ನೆಲದ ಒಡೆಯರಾದ ಷಿಲ್ಲುಕ್ ಜನರ ಮಾತೂ ಇಲ್ಲಿ ಬರಬೇಕು. ಅವರ ಅರಸನಿಂದ ಮಾರ್ಶಾಂ ಒಂದು ರಕ್ಷಣಾ ಒಪ್ಪಂದ ಬರೆಸಿಕೊಂಡಿದ್ದ. ಕಿಚನರ್‌ನ ದೋಣಿಗಳು ಬಂದ ಮೇಲೆ ಅದೇ ಅರಸ, ತಾನು ಫ್ರೆಂಚರೊಂದಿಗೆ ಯಾವ ಒಪ್ಪಂದವನ್ನೂ ಮಾಡಿಕೊಂಡಿಲ್ಲ ಎಂದನೆಂದು ಕಿಚನರ್ ಲಂಡನ್ನಿಗೆ ತಂತಿ ಕಳಿಸಿದ. ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಮೊದಲು ಮಹದೀ ಪಂಥದವರು, ಆಮೇಲೆ ಫ್ರೆಂಚರು, ಆಮೇಲೆ ಈಜಿಪ್ಟಿನ ಬಾವುಟ ಹಿಡಿದ ಬ್ರಿಟಿಷರು. ಬಂದವರೆಲ್ಲರಿಗೂ ಅವರು ಕೇಳಲು ಬಯಸಿದ್ದನ್ನೇ ಹೇಳಿ ಸಾಗಹಾಕುತ್ತಿದ್ದ ಅರಸ ಮುಂದೆ ಏನು ಲೆಕ್ಕ ಹಾಕಿದ್ದ? ಈ ಪ್ರಶ್ನೆಯಿಂದ ಶುರುವಾಗುವ ‘ಹೀಗಾಗಿದ್ದರೆ’ ಲೇಖನವನ್ನು ನಾನು ಕಾಸು ಕೊಟ್ಟು ಓದುತ್ತೇನೆ.

ಕೊನೆಗೊಂದು ತಿದ್ದುಪಡಿ. ಲೇಖನದ ಜೊತೆಗಿದ್ದ ನಕ್ಷೆಯಲ್ಲಿ ಇಂದಿನ ದಕ್ಷಿಣ ಸುಡಾನಿನ ಗಡಿ ಬರೆದು ಅದರೊಳಗೆ ಫಶೋಡಾ ಎಂದು ಚುಕ್ಕೆ ಇಟ್ಟಿದ್ದೀರಿ. ಆ ಠಾಣೆಯ ಊರಿನ ಈಗಿನ ಹೆಸರು ಕೊಡೊಕ್. 1904ರಲ್ಲಿ ಈಜಿಪ್ಟ್ ಬ್ರಿಟನ್ನಿಗಿರಲಿ, ಮೊರಾಕ್ಕೊ ಫ್ರಾನ್ಸಿಗಿರಲಿ ಎಂದು ಎರಡೂ ದೇಶ ರಾಜಿಯಾದ ಮೇಲೆ, ಹೊಸ ಗೆಳೆಯರಿಗೆ ಹಳೆಯ ಅವಮಾನ ನೆನಪಾಗದಿರಲೆಂದು ಬ್ರಿಟಿಷ್ ಆಡಳಿತ ಹೆಸರನ್ನೇ ಬದಲಿಸಿತು. ಷಿಲ್ಲುಕ್ ಅರಸರಿಗೆ ಪಟ್ಟ ಕಟ್ಟುವ, ಅಲ್ಲೇ ಸಮೀಪದ ಹಳೆಯ ರಾಜಧಾನಿಯನ್ನು ಆ ಜನ ಪಚೊಡೊ ಎನ್ನುತ್ತಾರೆ. ಮುಂದಿನ ಕಂತು ಬರುವುದಿದ್ದರೆ ನಕ್ಷೆಯಲ್ಲಿ ಎರಡಕ್ಕೂ ಜಾಗ ಮಾಡಿಕೊಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ